ಹಿತ್ತಲ ಕೋಳಿಗಳಲ್ಲಿ ಕರುಳುಹುಳು: ಪತ್ತೆಯ ಕ್ರಮ ಮತ್ತು ಔಷಧದ ಆಯ್ಕೆ

ಸಾರಾಂಶ

ಬಿಟ್ಟು ಮೇಯಿಸುವ ಕೋಳಿಯ ಕರುಳಿಗೆ ಯಾವ ಹುಳು ಸೇರುತ್ತದೆ ಎಂಬುದನ್ನು ಅದು ಕೆದಕಿ ತಿನ್ನುವ ನೆಲವೇ ನಿರ್ಧರಿಸುತ್ತದೆ. ಹುಳುವಿನ ಜಾತಿ ತಿಳಿಯದೆ ಕೊಟ್ಟ ಔಷಧ ಅನೇಕ ಸಲ ವ್ಯರ್ಥ. ಪತ್ತೆ ಮೊದಲು, ಔಷಧ ನಂತರ ಎಂಬುದು ಈ ಲೇಖನದ ಪ್ರತಿಪಾದನೆ.

ಪೀಠಿಕೆ

ಕರ್ನಾಟಕದ ಹಳ್ಳಿಗಳಲ್ಲಿ ನಾಟಿ ಮತ್ತು ಗಿರಿರಾಜ ಕೋಳಿಗಳು ಹಗಲಿಡೀ ತಿಪ್ಪೆ, ಕೊಟ್ಟಿಗೆಗಳ ಸುತ್ತ ಮೇಯ್ದು ಸಂಜೆಗೆ ಗೂಡು ಸೇರುತ್ತವೆ. ಅನೇಕ ಮನೆಗಳಲ್ಲಿ ಇವುಗಳ ಮೊಟ್ಟೆಯ ಹಣ ಹೆಂಗಸರ ಕೈಗೆ ನೇರವಾಗಿ ಸೇರುವ ಆದಾಯ. ಕೊಕ್ಕರೆ ರೋಗದಂತೆ ಹುಳುಬಾಧೆ ಒಂದೇ ವಾರದಲ್ಲಿ ಗೂಡು ಬರಿದು ಮಾಡುವುದಿಲ್ಲ. ಮರಿ ಬೆಳೆಯುವುದಿಲ್ಲ, ಜುಟ್ಟು ಬಿಳಿಚುತ್ತದೆ, ಎದೆಮೂಳೆ ಚೂಪಾಗುತ್ತದೆ, ಮೊಟ್ಟೆ ಕಡಿಮೆಯಾಗುತ್ತದೆ. ನಷ್ಟ ನಿಧಾನವಾಗಿ ಆಗುವುದರಿಂದ ಗಮನಕ್ಕೆ ಬರುವುದೂ ತಡ.

ಹುಳುಗಳು ಬರುವ ದಾರಿ

ಸಣ್ಣ ಕರುಳಿನ ದುಂಡುಹುಳು ಅಸ್ಕಾರಿಡಿಯಾ ಗ್ಯಾಲಿ ನೇರ ದಾರಿಯದು. ಹಿಕ್ಕೆಯಲ್ಲಿ ಹೊರಬಿದ್ದ ತತ್ತಿ ತೇವ ಮತ್ತು ಬೆಚ್ಚನೆಯ ನೆಲದಲ್ಲಿ ಸುಮಾರು ಎರಡು ವಾರದೊಳಗೆ ಸೋಂಕು ತರುವ ಹಂತ ಮುಟ್ಟುತ್ತದೆ. ನೆರಳಿದ್ದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನುಂಗಿದ ಕೋಳಿಯಲ್ಲಿ ಮರಿಹುಳು ಕೆಲಕಾಲ ಕರುಳಿನ ಒಳಪೊರೆಯಲ್ಲಿ ಹುದುಗಿದ್ದು, 5ರಿಂದ 8 ವಾರಗಳಲ್ಲಿ ಬಲಿತು ತತ್ತಿಯಿಡುತ್ತದೆ. ಬಲಿತ ಕೋಳಿ ಇದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ಅದೇ ತಿಪ್ಪೆ ಕೆದಕುವ ಮೂರು ತಿಂಗಳೊಳಗಿನ ಮರಿ ಸೊರಗುತ್ತದೆ.

ಲಾಡಿಹುಳುವಿಗೆ ನಡುವೆ ಇನ್ನೊಂದು ಜೀವಿ ಬೇಕು. ರೈಲಿಯೆಟಿನಾ ಕುಲದ ಎರಡು ಜಾತಿಗಳು ಇರುವೆಗಳ ಮೂಲಕವೂ, ಇನ್ನೊಂದು ದುಂಬಿಗಳ ಮೂಲಕವೂ ಬರುತ್ತವೆ. ಆದ್ದರಿಂದ ಪಂಜರದ ಕೋಳಿಗಿಂತ, ಈ ಕೀಟಗಳನ್ನು ಕೆದಕಿ ತಿನ್ನುವ ಹಿತ್ತಲ ಕೋಳಿಗೆ ಈ ಹುಳುವಿನ ಅಪಾಯ ಹೆಚ್ಚು.

ಪತ್ತೆಯ ಕ್ರಮ

ಮೊದಲ ಪರೀಕ್ಷೆಗೆ ಉಪಕರಣ ಬೇಡ. ಬೆಳಿಗ್ಗೆ ಗೂಡಿನ ಕೆಳಗೆ ಬಿದ್ದ ಹಸಿ ಹಿಕ್ಕೆಯ ಮೇಲೆ ಅಕ್ಕಿಕಾಳಿನಂಥ ಬಿಳಿ ತುಣುಕು ಕಂಡರೆ ಅದು ಲಾಡಿಹುಳುವಿನ ಕಳಚಿದ ಖಂಡ.

ಎರಡನೆಯದು ತೇಲಿಕೆ ಪರೀಕ್ಷೆ. ಇನ್ನು ಕರಗದಷ್ಟು ಉಪ್ಪು ಬೆರೆಸಿದ ನೀರಿನಲ್ಲಿ ಹಿಕ್ಕೆ ಕದಡಿ ಸೋಸಿ, ಮೇಲೆ ತೇಲಿಬಂದ ತತ್ತಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಪಶು ಆಸ್ಪತ್ರೆಯಲ್ಲಿ ಸೂಕ್ಷ್ಮದರ್ಶಕವಿದ್ದರೆ ಇಷ್ಟು ಸಾಕು. ಆದರೆ ಇದಕ್ಕೆ ಮೂರು ಮಿತಿಗಳಿವೆ. ಹುಳು ಬಲಿಯುವವರೆಗೆ ತತ್ತಿ ಕಾಣುವುದಿಲ್ಲ. ಲಾಡಿಹುಳು ಖಂಡಸಮೇತ ತತ್ತಿ ಬಿಡುವುದರಿಂದ ಅದು ತಪ್ಪಿಹೋಗಬಹುದು. ದುಂಡುಹುಳುವಿನ ತತ್ತಿಗೂ ಕುರುಡುಕರುಳಿನಲ್ಲಿರುವ ಹೆಟರಾಕಿಸ್ ಎಂಬ ಹುಳುವಿನ ತತ್ತಿಗೂ ವ್ಯತ್ಯಾಸ ಹೇಳುವುದು ಕಷ್ಟ.

ಈ ಕೊರತೆ ತುಂಬುವುದು ಕರುಳಿನ ಪರಿಶೀಲನೆ. ಹಬ್ಬಕ್ಕೆ ಕೊಯ್ದ ಕೋಳಿಯ ಕರುಳನ್ನು ಎಸೆಯದೆ, ಕಪ್ಪು ತಳದ ಪಾತ್ರೆಯ ನೀರಿನಲ್ಲಿ ಉದ್ದಕ್ಕೆ ಸೀಳಬೇಕು. ಬಿಳಿ ಶಾವಿಗೆಯಂತೆ ಬೆರಳುದ್ದ ಬಿದ್ದದ್ದು ದುಂಡುಹುಳು. ಕುರುಡುಕರುಳಿನ ತುದಿಯಲ್ಲಿ ಒಂದು ಸೆಂಟಿಮೀಟರಿನಷ್ಟು ಉದ್ದದ ಎಳೆಗಳು ಕಂಡರೆ ಹೆಟರಾಕಿಸ್. ಚಪ್ಪಟೆಯಾಗಿದ್ದು, ಎಳೆದರೂ ತಲೆ ಬಿಡದೆ ಅಂಟಿಕೊಂಡದ್ದು ಲಾಡಿಹುಳು. ಕೆಲವೊಮ್ಮೆ ಕರುಳಿನ ಗೋಡೆಯಲ್ಲಿ ಗಂಟುಗಳೂ ಇರುತ್ತವೆ. ಒಂದು ಕೋಳಿಯ ಕರುಳು ಇಡೀ ಹಿತ್ತಲಿನ ಸ್ಥಿತಿಯನ್ನು ತಿಳಿಸಬಲ್ಲದು.

ಔಷಧದ ಆಯ್ಕೆ

ಪೈಪರಜಿನ್ ಬಲಿತ ದುಂಡುಹುಳುವಿನ ಸ್ನಾಯುಗಳನ್ನು ಸಡಿಲಿಸಿ ಹೊರಹಾಕುತ್ತದೆ. ಒಳಪೊರೆಯಲ್ಲಿ ಹುದುಗಿದ ಮರಿಹುಳುವಿಗೆ ಅದು ಸಾಲದು. ಆದ್ದರಿಂದ ಎರಡು-ಮೂರು ವಾರ ಬಿಟ್ಟು ಮತ್ತೆ ಕೊಡಬೇಕು. ಫೆನ್‌ಬೆಂಡಜೋಲ್ ಹೆಟರಾಕಿಸ್ ಮೇಲೂ ಕೆಲಸ ಮಾಡುತ್ತದೆ. ಲಾಡಿಹುಳುವಿಗೆ ಪೈಪರಜಿನ್ ನಾಟುವುದಿಲ್ಲ. ಅದಕ್ಕೆ ಪ್ರಾಜಿಕ್ವಾಂಟೆಲ್‌ನಂಥ ಔಷಧ ಬೇಕು. ಮರಿಗಳಲ್ಲಿ ರಕ್ತ ಬೆರೆತ ಹಿಕ್ಕೆ ಕಂಡರೆ ಮೊದಲು ಶಂಕಿಸಬೇಕಾದದ್ದು ಹುಳುವಿನಿಂದ ಬಾರದ ಕಾಕ್ಸಿಡಿಯೋಸಿಸ್ ರೋಗವನ್ನು; ಅದಕ್ಕೆ ಹುಳುವಿನ ಔಷಧದಿಂದ ಫಲವಿಲ್ಲ.

ಪ್ರಮಾಣವನ್ನು ತೂಕ ನೋಡಿ ಪಶುವೈದ್ಯರು ಹೇಳಬೇಕು. ಮೊಟ್ಟೆ, ಮಾಂಸ ಬಳಸದಿರುವ ಅವಧಿಯನ್ನೂ ಅವರಿಂದಲೇ ಕೇಳಿ ಪಾಲಿಸಬೇಕು. ಎರಡು ವಾರದ ನಂತರ ಹಿಕ್ಕೆಯನ್ನು ಮರುಪರೀಕ್ಷೆ ಮಾಡಿದರೆ ಔಷಧ ಹಿಡಿಯಿತೇ ಎಂಬುದು ತಿಳಿಯುತ್ತದೆ.

ಸಮಾರೋಪ

ಔಷಧ ಕೊಟ್ಟ ಮರುದಿನ ಕೋಳಿ ಮತ್ತೆ ಅದೇ ತಿಪ್ಪೆಗೆ ಇಳಿಯುತ್ತದೆ. ಗೂಡಿನ ಹಾಸನ್ನು ಆಗಾಗ ತೆಗೆದು ನೆಲ ಒಣಗಿಸುವುದು, ನೀರಿನ ಪಾತ್ರೆಯ ಸುತ್ತ ಕೆಸರಾಗದಂತೆ ನೋಡುವುದು, ಮರಿಗಳನ್ನು ಬಲಿತ ಕೋಳಿಗಳಿಂದ ಬೇರೆ ನೆಲದಲ್ಲಿ ಮೇಯಿಸುವುದು ಚಿಕಿತ್ಸೆಯ ಉಳಿದರ್ಧ. ಹುಳುವಿನ ಹೆಸರು ತಿಳಿದವರಿಗೆ ಔಷಧವೂ ತಿಳಿಯುತ್ತದೆ, ಶುಚಿಮಾಡಬೇಕಾದ ಜಾಗವೂ ತಿಳಿಯುತ್ತದೆ.