ಜ್ಞಾನಿಗೂ ನೋವುಂಟೆ?

ಕೆಲವು ವರ್ಷಗಳ ಹಿಂದೆ ನನ್ನ ಸೋದರಮಾವ ಹಾಸಿಗೆ ಹಿಡಿದಿದ್ದರು. ನಲವತ್ತು ವರ್ಷ ಬಿಡದೆ ಜಪ, ಧ್ಯಾನ ನಡೆಸಿದವರು. ಒಂದು ರಾತ್ರಿ ನೋವು ತಡೆಯಲಾರದೆ ನರಳಿದರು. ಬೆಳಗಾದ ಮೇಲೆ, “ಇಷ್ಟು ದಿನ ಮಾಡಿದ್ದೆಲ್ಲ ಸುಳ್ಳಾಯಿತೇನೋ?” ಎಂದು ನನ್ನನ್ನು ಕೇಳಿದರು. ನೋವಿಗಿಂತ ನಾಚಿಕೆಯೇ ಅವರನ್ನು ಹೆಚ್ಚು ಬಾಧಿಸುತ್ತಿತ್ತು. ಆಗ ನನಗೆ ಉತ್ತರ ತೋಚಲಿಲ್ಲ.

ಜ್ಞಾನೋದಯವಾದವನು ನಿತ್ಯಸುಖಿ ಎಂದು ಶಾಸ್ತ್ರಗಳು ಸಾರುತ್ತವೆ. ಆದರೆ ಜ್ಞಾನೋದಯದ ಮರುದಿನದಿಂದ ಆ ಮನುಷ್ಯನ ಬಾಳು ಹೇಗೆ ಸಾಗಿತು ಎಂಬುದಕ್ಕೆ ದಿನ, ತಿಂಗಳುಗಳ ಲೆಕ್ಕ ಸಿಕ್ಕುವುದು ಅಪರೂಪ. ತಿರುವಣ್ಣಾಮಲೆಯ ರಮಣ ಮಹರ್ಷಿಗಳ ವಿಷಯದಲ್ಲಿ ಅದು ಸಿಕ್ಕುತ್ತದೆ. ಆದುದರಿಂದ ನಾನು ಅವರ ಚರಿತ್ರೆಯನ್ನು ಈ ಪ್ರಶ್ನೆಯಿಟ್ಟುಕೊಂಡೇ ಓದಿದೆ.

1896ರ ಜುಲೈ ತಿಂಗಳಲ್ಲಿ, ಮಧುರೆಯ ಚಿಕ್ಕಪ್ಪನ ಮನೆಯಲ್ಲಿ, ಹದಿನಾರು ವರ್ಷದ ವೆಂಕಟರಾಮನ್‌ಗೆ ಇದ್ದಕ್ಕಿದ್ದಂತೆ ಸಾವಿನ ಭಯ ಹುಟ್ಟಿತು. ಹುಡುಗ ಹೆಣದಂತೆ ಮಲಗಿ, ದೇಹ ಸತ್ತರೆ ‘ನಾನು’ ಸಾಯುವೆನೆ ಎಂದು ತನ್ನೊಳಗೇ ವಿಚಾರಿಸಿದ. ಎದ್ದಾಗ ಭಯ ಹೋಗಿತ್ತು, ಮತ್ತೆ ಬರಲಿಲ್ಲ. ಅದೇ ವರ್ಷ ಸೆಪ್ಟೆಂಬರ್ 1ರಂದು ಅರುಣಾಚಲವನ್ನು ಸೇರಿದವರು ಕೊನೆಯವರೆಗೂ ಅಲ್ಲಿಂದ ಕದಲಲಿಲ್ಲ.

ಕತೆ ಇಲ್ಲಿಗೇ ಮುಗಿದಿದ್ದರೆ ನಮ್ಮ ಪ್ರಶ್ನೆಗೆ ಉತ್ತರ ಸುಲಭವಾಗುತ್ತಿತ್ತು. ಆದರೆ ಮುಂದೆ ಐವತ್ತಮೂರು ವರ್ಷಗಳ ಬಾಳು ಉಳಿದಿತ್ತು. ದೇವಾಲಯದ ಪಾತಾಳಲಿಂಗದ ಕತ್ತಲೆಯಲ್ಲಿ ಕುಳಿತಾಗ ಹುಳುಗಳು ಕಚ್ಚಿ ತೊಡೆಗಳು ಹುಣ್ಣಾದವು. ತುಂಟ ಹುಡುಗರು ಕಲ್ಲು ಬೀರಿದರು. 1898ರಲ್ಲಿ ತಾಯಿ ಅಳಗಮ್ಮಾಳ್ ಹುಡುಕಿಕೊಂಡು ಬಂದು, ಮನೆಗೆ ಬಾ ಎಂದು ದಿನಗಟ್ಟಲೆ ಅತ್ತರು. ಮಗ ತುಟಿ ಬಿಚ್ಚಲಿಲ್ಲ. ಆಗುವುದು ಆಗಿಯೇ ತೀರುತ್ತದೆ ಎಂಬರ್ಥದ ನಾಲ್ಕು ಮಾತು ಬರೆದುಕೊಟ್ಟರು. ಮಗನ ಶಾಂತಿ ತಾಯಿಗೆ ದುಃಖವೇ ಆಯಿತು ಎನ್ನಬೇಕು.

ಆದರೆ ಇದೇ ಮಗ, 1914ರಲ್ಲಿ ತಾಯಿ ಜ್ವರದಿಂದ ಮಲಗಿದಾಗ, ಆಕೆಯನ್ನು ಉಳಿಸೆಂದು ಅರುಣಾಚಲನಿಗೆ ಪ್ರಾರ್ಥನೆಯ ಪದ್ಯಗಳನ್ನು ಬರೆದರು! ಸುಖದುಃಖಗಳನ್ನು ದಾಟಿದವರಿಗೆ ಈ ಮೊರೆ ಏಕೆ? 1922ರ ಮೇ 19ರಂದು ತಾಯಿಯ ಕೊನೆಗಾಲದಲ್ಲಿ ಆಕೆಯ ಎದೆಯ ಮೇಲೊಂದು, ತಲೆಯ ಮೇಲೊಂದು ಕೈಯಿಟ್ಟು ಕುಳಿತೇ ಇದ್ದರು. ಕಲ್ಲಾದ ಮನಸ್ಸಿನ ಲಕ್ಷಣ ಇದಲ್ಲ.

1924ರ ಜೂನ್ 26ರ ರಾತ್ರಿ ಆಶ್ರಮಕ್ಕೆ ಕಳ್ಳರು ನುಗ್ಗಿದರು. ಬೇಕಾದುದನ್ನು ಒಯ್ಯಲಿ ಎಂದು ಮಹರ್ಷಿಗಳು ಒಳಗಿದ್ದವರನ್ನು ಹೊರಗೆ ಕರೆತಂದರು; ಪೆಟ್ಟು ಬೀಳದಿರಲೆಂದು ನಾಯಿಯನ್ನು ಮೊದಲೇ ಬೇರೆಡೆಗೆ ಸಾಗಿಸಿದರು. ಕಳ್ಳರ ಕೋಲಿನೇಟು ಅವರ ತೊಡೆಗೇ ಬಿತ್ತು. ಕೆರಳಿದ ಶಿಷ್ಯನೊಬ್ಬ ಕಬ್ಬಿಣದ ಸಲಾಕೆ ಹಿಡಿದು ಹೊರಟಾಗ ತಡೆದರು.

ಕೊನೆಯ ಪರೀಕ್ಷೆ ಅತ್ಯಂತ ಕಠಿಣವಾದುದು. 1948ರ ಕೊನೆಗೆ ಎಡಗೈಯಲ್ಲಿ ಒಂದು ಸಣ್ಣ ಗಂಟು ಕಾಣಿಸಿತು. 1949ರೊಳಗೆ ನಾಲ್ಕು ಸಲ ಶಸ್ತ್ರಚಿಕಿತ್ಸೆಯಾಯಿತು. ಅದು ಕ್ಯಾನ್ಸರ್ ಎಂದು ತಿಳಿದು ವೈದ್ಯರು ತೋಳನ್ನೇ ತೆಗೆಯಬೇಕೆಂದರು, ಇವರು ಒಪ್ಪಲಿಲ್ಲ. ನೋವಿಲ್ಲ ಎಂದು ಅವರು ಹೇಳಿದವರಲ್ಲ. ಯಾರೂ ಕೇಳುತ್ತಿಲ್ಲವೆಂದುಕೊಂಡ ಹೊತ್ತಿನಲ್ಲಿ ಅವರು ನರಳಿದ್ದುಂಟು ಎಂದು ಸಮೀಪವರ್ತಿಗಳೇ ಬರೆದಿದ್ದಾರೆ. ಆದರೂ ಬಂದವರಿಗೆ ದರ್ಶನ ನಿಲ್ಲಿಸಲು ಬಿಡಲಿಲ್ಲ. 1950ರ ಏಪ್ರಿಲ್ 14ರ ರಾತ್ರಿ ದೇಹ ಬಿಟ್ಟರು. ಆ ಸಂಜೆಯೂ ಜನ ಸಾಲಾಗಿ ಬಂದು ನೋಡಿ ಹೋಗಿದ್ದರು.

ಒಬ್ಬರ ಅಂತರಂಗವನ್ನು ಅಳೆಯುವ ಕೋಲು ಚರಿತ್ರೆಯ ಬಳಿ ಇಲ್ಲ. ಅದು ನಡತೆಯನ್ನು ಮಾತ್ರ ಬಲ್ಲದು. ಆ ನಡತೆಯಿಂದ ನಾನು ಕಂಡುಕೊಂಡದ್ದು ಇಷ್ಟು: ಸುಖ ಬೇರೆ, ಶಾಂತಿ ಬೇರೆ. ಜ್ಞಾನವು ಹುಣ್ಣನ್ನಾಗಲಿ ಪೆಟ್ಟನ್ನಾಗಲಿ ತಪ್ಪಿಸಲಿಲ್ಲ. ತಾಯಿಯ ಮೇಲಿನ ಕರುಳನ್ನೂ ಕತ್ತರಿಸಲಿಲ್ಲ. ಆದರೆ ತನಗಾದ ನೋವು ಇನ್ನೊಬ್ಬರ ಮೇಲೆ ಸಿಟ್ಟಾಗಿ ತಿರುಗಲಿಲ್ಲ, ಭಯವಾಗಿ ಬೆಳೆಯಲಿಲ್ಲ. ಶಾಶ್ವತವಾಗಿ ಉಳಿದದ್ದು ಇದೇ.

ಒಂದು ಸಂಜೆ ಮಾವನವರ ಬಳಿ ಕುಳಿತು ಇದನ್ನೆಲ್ಲ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಬಳಿಕ, “ಹಾಗಾದರೆ ನರಳಬಹುದು ಅನ್ನು” ಎಂದು ನಕ್ಕು, ದಿಂಬಿನ ಕೆಳಗಿದ್ದ ಜಪಮಾಲೆಯನ್ನು ತೆಗೆದುಕೊಡಲು ಹೇಳಿದರು.