ಪಶುಚಿಕಿತ್ಸಾಲಯದ ದಾದಿ: ಹೆಸರು, ಅಧಿಕಾರ, ನಾಯಕತ್ವ

ವೈದ್ಯಶಾಸ್ತ್ರದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ವೈದ್ಯನ ಇತಿಹಾಸವನ್ನೇ ಬರೆಯುತ್ತಾರೆ. ರೋಗಿಯ ಬಳಿ ರಾತ್ರಿಯೆಲ್ಲ ಎಚ್ಚರವಿದ್ದವರ ಪ್ರಸ್ತಾಪ ಅಲ್ಲಿ ವಿರಳ. ಮನುಷ್ಯರ ಮಟ್ಟಿಗೆ ಫ್ಲಾರೆನ್ಸ್ ನೈಟಿಂಗೇಲರ ಹೆಸರು ಈ ಕೊರತೆಯನ್ನು ಕೊಂಚ ತುಂಬಿದೆ. ಪಶುಗಳ ಮಟ್ಟಿಗೆ ಅಷ್ಟು ಪ್ರಸಿದ್ಧವಾದ ಹೆಸರೊಂದಿಲ್ಲ. ಆದರೂ ನೋವು ಎಲ್ಲಿಯೆಂದು ಹೇಳಲಾರದ ಪ್ರಾಣಿಯ ಪಕ್ಕದಲ್ಲಿ ಕಾವಲಿರುವವರ ಕಣ್ಣಿಗೆ ಬೆಲೆ ಇನ್ನೂ ಹೆಚ್ಚು. ಇವರಿಗೆ ಮೊದಲು ಹೆಸರು, ಅನಂತರ ಅಧಿಕಾರ, ಕೊನೆಗೆ ತಂಡದ ಮುಂದಾಳುತನ ದೊರೆತ ಬಗೆಯನ್ನು ಇಂಗ್ಲೆಂಡ್ ಮತ್ತು ಅಮೆರಿಕಗಳ ನಿದರ್ಶನದಿಂದ ಇಲ್ಲಿ ಪರಿಶೀಲಿಸಿದೆ.

1908ರಲ್ಲಿ ಇಂಗ್ಲೆಂಡಿನಲ್ಲಿ 'ಕೆನೈನ್ ನರ್ಸಸ್ ಇನ್‌ಸ್ಟಿಟ್ಯೂಟ್' ಎಂಬ ಸಂಸ್ಥೆ ಹುಟ್ಟಿತು. ನಾಯಿಗಳ ಶುಶ್ರೂಷೆಯನ್ನು ಕಲಿಸುವುದು ಅದರ ಉದ್ದೇಶ. ಆಗ 'ನರ್ಸ್' ಎಂಬ ಪದ ಯಾರ ಸ್ವತ್ತೂ ಆಗಿರಲಿಲ್ಲ. 1919ರಲ್ಲಿ ಮನುಷ್ಯರ ದಾದಿಯರಿಗೆ ನೋಂದಣಿಯ ಕಾನೂನು ಬಂದಿತು. 1943ರ ಕಾನೂನು ಆ ಪದಕ್ಕೇ ಬೇಲಿ ಹಾಕಿತು. ಆದುದರಿಂದ 1961ರಲ್ಲಿ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್ ಸಂಸ್ಥೆಯು ಪಶುಚಿಕಿತ್ಸಾಲಯದ ಸಹಾಯಕರಿಗಾಗಿ ಶಿಕ್ಷಣಕ್ರಮವೊಂದನ್ನು ಏರ್ಪಡಿಸಿದಾಗ ಅವರನ್ನು ನರ್ಸ್ ಎಂದು ಕರೆಯುವಂತಿರಲಿಲ್ಲ. ತೇರ್ಗಡೆಯಾದವರಿಗೆ ದೊರೆತ ಹೆಸರು 'ರೆಜಿಸ್ಟರ್ಡ್ ಅನಿಮಲ್ ನರ್ಸಿಂಗ್ ಆಕ್ಸಿಲಿಯರಿ'. ಇದರ ಆದ್ಯಕ್ಷರಗಳನ್ನು ಕೂಡಿಸಿದರೆ 'ರಾನಾ' ಎಂದಾಗುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಅದಕ್ಕೆ ಕಪ್ಪೆಯೆಂದು ಅರ್ಥ! 'ವೆಟರ್ನರಿ ನರ್ಸ್' ಎಂಬ ಹೆಸರು ದೊರೆತುದು 1984ರಲ್ಲಿ, ಎಂದರೆ 23 ವರ್ಷಗಳ ತರುವಾಯ. ಪಶುವೈದ್ಯನ ನಿರ್ದೇಶನದಲ್ಲಿ ಔಷಧೋಪಚಾರವನ್ನೂ, ದೇಹದ ಒಳಗೋಣೆಗಳನ್ನು ಪ್ರವೇಶಿಸದ ಸಣ್ಣ ಶಸ್ತ್ರಕ್ರಿಯೆಗಳನ್ನೂ ಇವರು ಮಾಡಬಹುದೆಂದು ಕಾನೂನು ಒಪ್ಪಿದುದು 1991ರಲ್ಲಿ.

ಅಮೆರಿಕದಲ್ಲಿ ಈ ಶಿಕ್ಷಣ ಅದೇ 1961ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಡೆಲ್ಹೈ ಎಂಬ ಊರಿನ ಕಾಲೇಜಿನಲ್ಲಿ ಆರಂಭವಾಯಿತು. ಊರಿನ ಹೆಸರಿನ ಅಕ್ಷರಗಳು ನಮ್ಮ ರಾಜಧಾನಿಯವೇ. ಉಚ್ಚಾರಣೆ ಮಾತ್ರ ಬೇರೆ. ಆದರೆ ದಾದಿಯ ನಾಯಕತ್ವದ ಪ್ರಶ್ನೆಯನ್ನು ಮುಂದಕ್ಕೆ ತಂದುದು ಶಾಲೆಗಳಲ್ಲ, ತೀವ್ರಚಿಕಿತ್ಸೆಯ ಕೊಠಡಿಗಳು ಎಂಬುದು ನಮ್ಮ ಅಭಿಪ್ರಾಯ. 1978ರಲ್ಲಿ ನಾಯಿಗಳ ಪಾರ್ವೋ ರೋಗ ಖಂಡಖಂಡಾಂತರಗಳಿಗೆ ಹಬ್ಬಿತು. ವಾಂತಿ, ರಕ್ತಭೇದಿಗಳಿಂದ ಮರಿಗಳು ಒಣಗಿ ಸಾಯುತ್ತಿದ್ದುವು. ವೈರಸ್ಸನ್ನೇ ಕೊಲ್ಲುವ ಮದ್ದಿರಲಿಲ್ಲ. ಹಗಲಿರುಳು ರಕ್ತನಾಳಕ್ಕೆ ದ್ರವವನ್ನು ಹನಿಸುವುದು, ಒಸಡಿನ ಬಣ್ಣವನ್ನೂ ನಾಡಿಯನ್ನೂ ಗಂಟೆಗಂಟೆಗೆ ನೋಡುವುದು, ಇದೇ ಚಿಕಿತ್ಸೆ. ಎಂದರೆ ಶುಶ್ರೂಷೆಯೇ ಚಿಕಿತ್ಸೆಯಾಯಿತು. ಈ ವೈರಸ್ಸು ಬಹಳ ಗಟ್ಟಿ; ಕೈ, ಬಟ್ಟೆ, ಪಾತ್ರೆಗಳಿಗೆ ಅಂಟಿ ಮುಂದಿನ ಪಂಜರಕ್ಕೆ ಹೋಗುತ್ತದೆ. ಆದುದರಿಂದ ಪ್ರತ್ಯೇಕ ಕೊಠಡಿಯಲ್ಲಿ ಇಂಥವರೇ ಇರತಕ್ಕದ್ದು, ಅವರು ಬೇರೆ ಪ್ರಾಣಿಗಳನ್ನು ಮುಟ್ಟತಕ್ಕದ್ದಲ್ಲ, ಪಾಳಿ ಬದಲಾಗುವಾಗ ಹೊರಡುವವರು ಬರುವವರಿಗೆ ಪ್ರತಿಯೊಂದು ರೋಗಿಯ ವಿವರವನ್ನು ಒಪ್ಪಿಸತಕ್ಕದ್ದು, ಯಾವ ಲಕ್ಷಣ ಕಂಡರೆ ವೈದ್ಯನನ್ನು ಎಬ್ಬಿಸತಕ್ಕದ್ದು ಎಂಬುದನ್ನೆಲ್ಲ ಗೊತ್ತುಪಡಿಸುವ ಒಬ್ಬ ಮುಖ್ಯ ದಾದಿ ಇಲ್ಲದೆ ಇಂಥ ಕೊಠಡಿ ನಡೆಯಲಾರದು.

ತುರ್ತು ಚಿಕಿತ್ಸೆಯ ಪಶುವೈದ್ಯರು ಅದೇ 1978ರಲ್ಲಿ ಅಮೆರಿಕದಲ್ಲಿ ಸಂಘ ಕಟ್ಟಿದರು. 1989ರಲ್ಲಿ ಇದು ವೈದ್ಯರ ವಿಶೇಷ ಶಾಖೆಯೆಂದು ಮನ್ನಣೆ ಪಡೆಯಿತು. ದಾದಿಯರ ಅಕಾಡೆಮಿಗೆ ಮನ್ನಣೆ ದೊರೆತುದು 1996ರಲ್ಲಿ. ಅಲ್ಲಿನ ಪಶುಶುಶ್ರೂಷಕರ ವಿಶೇಷ ಶಾಖೆಗಳಲ್ಲಿ ಇದೇ ಮೊದಲನೆಯದು.

ನಿಂತ ಹೃದಯವನ್ನು ಮರಳಿ ನಡೆಸುವ ಕ್ರಮವನ್ನು ಕುರಿತು 2012ರಲ್ಲಿ ಪ್ರಕಟವಾದ 'ರಿಕವರ್' ಮಾರ್ಗಸೂಚಿಗಳು ಇನ್ನೂ ಒಂದು ಹೆಜ್ಜೆ ಮುಂದಿಟ್ಟುವು. ನಿಮಿಷಕ್ಕೆ 100ರಿಂದ 120 ಸಲ ಎದೆಯನ್ನು ಒತ್ತಬೇಕು, ಸುಮಾರು 10 ಸಲ ಉಸಿರು ಕೊಡಬೇಕು, 2 ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ಕೊಟ್ಟ ಆಜ್ಞೆಯನ್ನು ಕೇಳಿದವರು ಗಟ್ಟಿಯಾಗಿ ಮರುನುಡಿಯಬೇಕು. ಇಷ್ಟನ್ನು ನಡೆಸುವ ನಾಯಕ ವೈದ್ಯನೇ ಆಗಿರಬೇಕೆ? ಪಶುವೈದ್ಯನಾಗಲಿ ಶುಶ್ರೂಷಕನಾಗಲಿ ತಂಡವನ್ನು ನಡೆಸಬಹುದೆಂದು ಆ ಮಾರ್ಗಸೂಚಿಗಳು ಹೇಳಿದುವು. ಕಪ್ಪೆಯ ಹೆಸರಿನಿಂದ ಇಲ್ಲಿಗೆ ಅರ್ಧಶತಮಾನದ ದಾರಿ.

ಇಂಗ್ಲೆಂಡಿನಲ್ಲಿ ಹೆಸರು ದೊರೆತ 1984ರಲ್ಲಿಯೇ ಭಾರತದಲ್ಲಿ ಪಶುವೈದ್ಯ ಪರಿಷತ್ತಿನ ಕಾನೂನು ಬಂದಿತು. ಅದರ 30ನೆಯ ಪ್ರಕರಣದ ಮೇರೆಗೆ ರಾಜ್ಯ ಸರ್ಕಾರಗಳು ಅರ್ಹತಾಪತ್ರವುಳ್ಳ ಪಶುವೈದ್ಯ ಮೇಲ್ವಿಚಾರಕ, ಸ್ಟಾಕ್‌ಮನ್ ಮುಂತಾದವರಿಗೆ ನೋಂದಾಯಿತ ವೈದ್ಯನ ಕೈಕೆಳಗೆ ಸಣ್ಣ ಸೇವೆಗಳನ್ನು ಮಾಡಲು ಅನುಮತಿ ಕೊಡಬಹುದು. ದಾದಿ ಎಂಬ ಪದ ಆ ಪ್ರಕರಣದಲ್ಲಿ ಇಲ್ಲ.