ಗುಂಡಿಗಿಂತ ದೂರ ಹೋದ ಭಯ

ನೋಡಿ ವೀಕ್ಷಕರೇ, 1914ರ ಸೆಪ್ಟೆಂಬರ್ 22ರ ರಾತ್ರಿ ಮದ್ರಾಸಿನ ಮೇಲೆ ಗುಂಡು ಸುರಿಸಿದ ಜರ್ಮನಿಯ ‘ಎಂಡನ್’ ಹಡಗಿನಲ್ಲಿದ್ದದ್ದು 10.5 ಸೆಂಟಿಮೀಟರ್ ಬಾಯಿಯ ಹತ್ತು ಫಿರಂಗಿಗಳು. ನಳಿಗೆಯ ಉದ್ದ ಬಾಯಿಯ 40 ಪಟ್ಟು, ಅಂದ್ರೆ 4.2 ಮೀಟರ್. ಜರ್ಮನಿಯ ದೊಡ್ಡ ಯುದ್ಧನೌಕೆಗಳ 30.5 ಸೆಂಟಿಮೀಟರ್ ಫಿರಂಗಿಯ ಮುಂದೆ ಇವು ಆಟಿಕೆ!

ಹಾರಿಸಿದ್ದು ಸುಮಾರು 130 ಗುಂಡು. ಬರ್ಮಾ ಆಯಿಲ್ ಕಂಪನಿಯ ಟ್ಯಾಂಕುಗಳು ಹೊತ್ತಿ ಉರಿದವು, ಕೆಲವರು ಸತ್ತರು. ಆದರೆ ಊರು ಬಿಟ್ಟು ಓಡಿದ್ದು ಸಾವಿರಾರು ಜನ.

ನವೆಂಬರ್ 9ರಂದು ಕೊಕೊಸ್ ದ್ವೀಪಗಳ ಬಳಿ ಆಸ್ಟ್ರೇಲಿಯಾದ ‘ಸಿಡ್ನಿ’ ಎದುರಾಯ್ತು. ಅದರ ಫಿರಂಗಿ 15.2 ಸೆಂಟಿಮೀಟರ್. ಮೊದಲು ಗುರಿ ಮುಟ್ಟಿಸಿದ್ದು ಎಂಡನ್ನೇ, ಆದ್ರೆ ದೊಡ್ಡ ಗುಂಡಿನ ಮುಂದೆ ನಿಲ್ಲೋಕೆ ಆಗಲಿಲ್ಲ.

ಹಡಗು ಹೋಯ್ತು, ಹೆಸರು ಉಳೀತು. ತಮಿಳಿನಲ್ಲಿ ಭಾರೀ ಚಾಲಾಕಿ ಆಸಾಮಿಗೆ ‘ಎಂಡನ್’ ಅಂತಾರೆ. ಫಿರಂಗಿಯ ಗುಂಡಿಗೆ ಒಂದು ಮಿತಿ ಇರುತ್ತೆ, ಭಯದ ಸುದ್ದಿಗೆ ಇರಲ್ಲ.